ಲಕ್ಕುಂಡಿಯಲ್ಲಿ ಹುಡುಕಾಟದ ಆಟ: ಚೀಟಿ ಬಚ್ಚಿಡದೆ ಆಡಿಸುವುದು ಹೇಗೆ?

ಪ್ರಶ್ನೆ: ನಮ್ಮ ಓಣಿಯ 24 ಜನ ಗದಗಿನಿಂದ ಲಕ್ಕುಂಡಿಗೆ ಹೊಂಟೇವಿ. ಹತ್ತು ವರ್ಷದ ಹುಡುಗರಿಂದ ಅರವತ್ತು ದಾಟಿದ ಹಿರಿಯರ ತನಕ ಇದ್ದಾರ. ನಿಧಿ ಹುಡುಕೋ ಆಟ ಆಡಸಬೇಕಂತ ಐತಿ. ಹಿಂದಿನ ಸಲ ಮೊದಲು ಹೋದ ತಂಡದವರು ಚೀಟಿ ಕಿತಗೊಂಡು ಹೋದ್ರು, ಉಳದವರು ಅವರ ಬೆನ್ನ ಹತ್ತಿದ್ರು. ಈ ಸಲ ಹೆಂಗ ಮಾಡೂದು?

ಉತ್ತರ: ಚೀಟಿ ಬಚ್ಚಿಡುವುದನ್ನೇ ಬಿಡಿ. ಲಕ್ಕುಂಡಿಯ ಗುಡಿಗಳು ಸಂರಕ್ಷಿತ ಸ್ಮಾರಕಗಳು. ಕಲ್ಲಿನ ಸಂದಿಗೆ ಕಾಗದ ತುರುಕುವುದು, ಟೇಪ್ ಅಂಟಿಸುವುದು, ಸೀಮೆಸುಣ್ಣದಲ್ಲಿ ಬಾಣ ಬರೆಯುವುದು, ನೆಲ ಕೆದಕುವುದು ಯಾವುದೂ ಅಲ್ಲಿ ಸಲ್ಲದು. ಸುಳಿವು ತಂಡದ ಕೈಯಲ್ಲಿರಲಿ, ಉತ್ತರ ಗುಡಿಯಲ್ಲಿರಲಿ. ಆಗ ಕಿತ್ತೊಯ್ಯಲು ಏನೂ ಇರುವುದಿಲ್ಲ.

ಆರಾರು ಜನರ ನಾಲ್ಕು ತಂಡ ಮಾಡಿ. ಪ್ರತಿ ತಂಡದಲ್ಲೂ ಮಕ್ಕಳು, ಹಿರಿಯರು ಬೆರೆತಿರಲಿ. ತಾಣಗಳು ನಾಲ್ಕು: 1. ಬ್ರಹ್ಮ ಜಿನಾಲಯ, 2. ಕಾಶಿ ವಿಶ್ವನಾಥ, 3. ಅದರ ಎದುರಿನ ನನ್ನೇಶ್ವರ, 4. ಮಾಣಿಕೇಶ್ವರದ ಪಕ್ಕದ ಮುಸುಕಿನ ಬಾವಿ.

ಬೆನ್ನು ಹತ್ತುವ ತೊಂದರೆ ಹುಟ್ಟುವುದು ಸರದಿಯಿಂದ. 1-2-3-4, 2-3-4-1 ಎಂದು ಬರೀ ಸುತ್ತಿಸಿದರೆ ಹಿಂದಿನ ತಂಡ ಪ್ರತಿ ಸಲವೂ ಮುಂದಿನದರ ಜಾಡನ್ನೇ ಹಿಡಿಯುತ್ತದೆ. ಬದಲಿಗೆ ಹೀಗೆ ಕೊಡಿ: ಮೊದಲ ತಂಡಕ್ಕೆ 1-2-4-3, ಎರಡನೆಯದಕ್ಕೆ 2-3-1-4, ಮೂರನೆಯದಕ್ಕೆ 3-4-2-1, ನಾಲ್ಕನೆಯದಕ್ಕೆ 4-1-3-2. ಇದರಲ್ಲಿ ಒಂದು ತಾಣದಿಂದ ಇನ್ನೊಂದಕ್ಕೆ ಹೋಗುವ ಯಾವ ದಾರಿಯನ್ನೂ ಎರಡು ತಂಡಗಳು ತುಳಿಯುವುದಿಲ್ಲ. ಪ್ರತಿ ತಾಣದ ಸುಳಿವಿನ ಕಾರ್ಡನ್ನು ಒಂದೊಂದು ಲಕೋಟೆಯಲ್ಲಿಟ್ಟು, ಆ ಲಕೋಟೆಗಳನ್ನು ಆಯಾ ತಂಡದ ಸರದಿಯಲ್ಲೇ ಜೋಡಿಸಿ ಕೊಟ್ಟರೆ ಸಾಕು.

ಇನ್ನು ಸುಳಿವು. ಆಟದ ಜೀವ ಇರುವುದೇ ಇಲ್ಲಿ, ಇದಕ್ಕೆ ಸಮಯ ಕೊಡಿ. ಬ್ರಹ್ಮ ಜಿನಾಲಯದಲ್ಲಿ ಬ್ರಹ್ಮನ ಮೂರ್ತಿಯಿದೆ. ಆದರೆ ಅದಕ್ಕೆ ಮುಖ ಎಷ್ಟು ಎಂದು ಕೇಳಿದರೆ ಗುಡಿಗೆ ಹೋಗದೆಯೇ ನಾಲ್ಕು ಎಂದಾರು. ಅಲ್ಲಿ ನಿಂತು ನೋಡಿದರಷ್ಟೇ ತಿಳಿಯುವುದನ್ನು ಕೇಳಿ. ತಾಣಕ್ಕೆ ಕರೆದೊಯ್ಯುವ ಸಾಲು ಬೇರೆ, ಅಲ್ಲಿ ಎಣಿಸುವ ಪ್ರಶ್ನೆ ಬೇರೆ ಇರಲಿ. ‘ದಾನಚಿಂತಾಮಣಿ ಕಟ್ಟಿಸಿದ ಬಸದಿ’ ಎಂದರೆ ಅತ್ತಿಮಬ್ಬೆಯ ಹೆಸರು ಹಿರಿಯರ ಬಾಯಿಗೆ ಬರುತ್ತದೆ. ಕಾಶಿ ವಿಶ್ವನಾಥದಲ್ಲಿ ಶಿವನಿಗೂ ಸೂರ್ಯನಿಗೂ ಎದುರುಬದುರು ಗರ್ಭಗುಡಿಗಳು. ‘ಪಡುವಣಕ್ಕೆ ಮುಖ ಮಾಡಿದ ಬೆಳಕಿನ ದೇವರ ಬಾಗಿಲ ಮುಂದೆ ನಿಲ್ಲಿ’ ಎಂದರೆ ದಿಕ್ಕು ನೋಡುವ ಕೆಲಸ ಮಕ್ಕಳದಾಗುತ್ತದೆ. ಅವರಿಗೆಂದೇ ಕೆತ್ತನೆಯ ಸಣ್ಣ ತುಣುಕಿನ ಫೋಟೊ ಮುದ್ರಿಸಿ ಕೊಡಿ, ಮೂಲವನ್ನು ಹುಡುಕಲಿ. ಆಟ ಆಡಿಸುವ ಹೊತ್ತಿನಲ್ಲೇ ಆ ಫೋಟೊ ತೆಗೆದಿರಬೇಕು. ಸಂಜೆಯ ಓರೆ ಬಿಸಿಲಲ್ಲಿ ತೆಗೆದ ಕೆತ್ತನೆ ಬೆಳಿಗ್ಗೆ ಗುರುತೇ ಸಿಗದು, ನೆರಳು ಅಷ್ಟು ಬದಲಾಗುತ್ತದೆ.

ಎಣಿಕೆಗೆ ಮುಕ್ಕಾದ ಸಾಲು ಬೇಡ. ಒಬ್ಬರು ಏಳು, ಒಬ್ಬರು ಎಂಟು ಎಂದು ಜಗಳ ಶುರುವಾಗುತ್ತದೆ. ಉತ್ತರ ಒಂದೇ ಅಂಕಿಯಾಗಿರಲಿ; ನಾಲ್ಕು ತಾಣದ ನಾಲ್ಕು ಅಂಕಿ ಸೇರಿದರೆ ಪೆಟ್ಟಿಗೆಯ ನಂಬರ್ ಬೀಗದ ಸಂಖ್ಯೆ. ತಂಡಗಳ ಸರದಿ ಬೇರೆ ಬೇರೆಯಾದ್ದರಿಂದ ಅದು ಎಷ್ಟನೆಯ ಅಂಕಿ ಎಂದು ಪ್ರತಿ ಕಾರ್ಡಿನ ಮೇಲೆ ಬರೆಯಲೇಬೇಕು. ಮೂರು ಅಂಕಿ ಗೊತ್ತಿದ್ದರೆ ನಾಲ್ಕನೆಯದನ್ನು ಹತ್ತು ಸಲ ತಿರುಗಿಸಿ ಪತ್ತೆ ಹಚ್ಚಬಹುದು; ಹಾಗಾಗಿ ಪೆಟ್ಟಿಗೆ ನಿಮ್ಮ ಬಳಿಯೇ ಇರಲಿ. ತಂಡದವರು ಸಂಖ್ಯೆ ಬರೆದು ಕೊಡಲಿ, ನೀವು ವೇಳೆ ಬರೆದುಕೊಳ್ಳಿ. ನಾಲ್ಕೂ ತಂಡ ಬಂದ ಮೇಲೆ ಬೀಗ ತೆರೆಯಿರಿ.

ಪ್ರತಿ ತಾಣಕ್ಕೂ ಒಂದು ಸಹಾಯದ ಲಕೋಟೆ ಇಡಿ. ಹತ್ತು ನಿಮಿಷ ಕಳೆದ ಮೇಲೆ ಒಡೆಯಬಹುದು, ಒಡೆದರೆ ಐದು ನಿಮಿಷ ದಂಡ. ಆರೂ ಜನ ಒಟ್ಟಿಗೆ ನಿಂತ ಫೋಟೊ ಇಲ್ಲದಿದ್ದರೆ ಆ ಅಂಕಿ ಲೆಕ್ಕಕ್ಕಿಲ್ಲ ಎನ್ನಿ. ಓಡುವ ಹುಡುಗರು ಅಜ್ಜಂದಿರನ್ನು ಬಿಟ್ಟು ಹೋಗುವುದಿಲ್ಲ.

ಬಾವಿಯ ಪ್ರಶ್ನೆಯ ಉತ್ತರ ಮೇಲೆ ನಿಂತರೂ ಕಾಣುವಂತಿರಲಿ, ಯಾರನ್ನೂ ಮೆಟ್ಟಿಲು ಇಳಿಸಬೇಡಿ. ಆಟದುದ್ದಕ್ಕೂ ಅಲ್ಲಿ ಒಬ್ಬ ದೊಡ್ಡವರು ಕಾಯಲಿ. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿ ಹತ್ತರೊಳಗೆ ಮುಗಿಸಿ, ಆಮೇಲೆ ಬರಿಗಾಲಿಗೆ ಹಾಸುಗಲ್ಲು ಸುಡತೊಡಗುತ್ತದೆ.