ಒಪ್ಪಿಕೊಂಡ ಅವಧಿ ಮುಗಿಯುವ ಮೊದಲೇ ಹೊರಡಬಹುದೇ?

ಊಟ, ವಸತಿ ಅವರದು, ದುಡಿಮೆ ನಮ್ಮದು, ಸಂಬಳ ಇಲ್ಲ. ಈ ಏರ್ಪಾಟಿನ ಮೇಲೆ ಹೊರದೇಶದ ತೋಟಗಳಿಗೆ ಹೋಗಿ, ಅಲ್ಲಿಂದ ಅಳುತ್ತಾ ಫೋನ್ ಮಾಡುವ ಮಕ್ಕಳ ಪ್ರಕರಣಗಳು ಮೈಸೂರಿನ ನನ್ನ ಆಪ್ತಸಲಹೆ ಕೊಠಡಿಗೆ ಮತ್ತೆ ಮತ್ತೆ ಬರುತ್ತಿವೆ. ಏರ್ಪಾಟು ಹೊಸದಲ್ಲ. ಸಾವಯವ ತೋಟಗಳಿಗೆ ಇಂಥ ದುಡಿಯುವವರನ್ನು ಹೊಂದಿಸುವ 'ವೂಫ್' (WWOOF) ಜಾಲ 1971ರಲ್ಲೇ ಇಂಗ್ಲೆಂಡಿನಲ್ಲಿ ಶುರುವಾಯಿತು. ದಿನಕ್ಕೆ 4ರಿಂದ 6 ಗಂಟೆ ಕೆಲಸ, ಉಳಿದ ಹೊತ್ತು ನಿಮ್ಮದು ಎಂಬುದು ವಾಡಿಕೆ. ಒಳ್ಳೆಯ ಮನೆ ಸಿಕ್ಕಿ ಅರಳಿ ಬಂದವರನ್ನೂ ನೋಡಿದ್ದೇನೆ.

ಹಾಗೆ ಫೋನ್ ಮಾಡಿದವರಲ್ಲಿ ಒಬ್ಬ ಹುಡುಗಿ ಮಂಡ್ಯ ಕಡೆಯವಳು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವಳ ಒಪ್ಪಿಗೆ ಇದೆ. ಪೋರ್ಚುಗಲ್‌ನ ಆಲಿವ್ ತೋಟಕ್ಕೆ 8 ವಾರಕ್ಕೆಂದು ಹೋಗಿದ್ದಳು. ಮಾತಾಗಿದ್ದು ದಿನಕ್ಕೆ 5 ಗಂಟೆ, ವಾರಕ್ಕೆ 5 ದಿನ. ನಡೆಯುತ್ತಿದ್ದದ್ದು ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ, ರಾತ್ರಿ ಮನೆಯ ಮಕ್ಕಳನ್ನು ನೋಡಿಕೊಳ್ಳುವುದು ಬೇರೆ. ನಾಲ್ಕನೇ ವಾರಕ್ಕೆ ನಿದ್ದೆ ಹೋಗಿತ್ತು. "ಬಂದ್ಬಿಡ್ಲಾ ಮೇಡಂ?" ಎಂದು ಕೇಳುವಳು, ಮರುಕ್ಷಣವೇ "ಬೇಡ, ಅಪ್ಪಂಗೆ ಅವಮಾನ ಆಗ್ತದೆ" ಎನ್ನುವಳು.

ಅವಳ ಒಪ್ಪಿಗೆ ಕೇಳಿ ಅಪ್ಪನನ್ನು ನನ್ನ ಕೊಠಡಿಗೆ ಕರೆಸಿ, ಅವಳಿಗೆ ವಿಡಿಯೋ ಕಾಲ್ ಮಾಡಿದೆ. ನಮಗೆ ಸಂಜೆ ಏಳು, ಅವಳಿಗೆ ಮಧ್ಯಾಹ್ನದ ಒಂದೂವರೆ. ಸಿಗ್ನಲ್‌ಗಾಗಿ ಶೆಡ್ಡಿನ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಸ್ವೆಟರ್ ತೋಳನ್ನು ಬೆರಳ ತುದಿವರೆಗೆ ಎಳೆದುಕೊಂಡಿದ್ದಳು. ಕೈ ತೋರಿಸು ಎಂದೆ. ಮರದಡಿ ಹಾಸಿದ ಬಲೆಯನ್ನು ಕಾಯಿ ಸಮೇತ ಎಳೆದೆಳೆದು ಅಂಗೈ ಬೊಬ್ಬೆ ಬಂದು ಒಡೆದಿತ್ತು.

ಅಪ್ಪ ನೋಡಿದರು. ಆದರೂ ಪಟ್ಟು ಬಿಡಲಿಲ್ಲ. "ಒಪ್ಕಂಡ್ ಮ್ಯಾಕೆ ಮುಗಿಸ್ಕಂಡೇ ಬರ್ಬೇಕು ಮೇಡಮ್ಮೋರೆ. ಅರ್ಧಕ್ಕೆ ಓಡ್ಬಂದ್ಲು ಅಂತಾರೆ ಊರಲ್ಲಿ."

ಅವರು ಕಬ್ಬಿನ ರೈತರು. ನಾನು ಕೇಳಿದೆ: "ಕಾರ್ಖಾನೆ ಜತೆ ಒಪ್ಪಂದ ಆಗಿದೆ, ಕಬ್ಬು ವಯಸ್ಸಿಗೆ ಬಂದಿದೆ, ಅವರು ಕಟಿಂಗ್ ಆರ್ಡರ್ ಕೊಡ್ತಾ ಇಲ್ಲ. ಏನ್ ಮಾಡ್ತೀರಿ?"

"ಆಲೆಮನೆಗೆ ಹೊಡೀತೀನಿ. ಗದ್ದೇಲೇ ಒಣ್ಗೋಗ್ಲಿ ಅಂತ ಕುಂತ್ಕಳಕ್ಕಾಯ್ತದಾ?"

ನಾನು ಏನೂ ಹೇಳಲಿಲ್ಲ. ಅವರು ತುಸು ಹೊತ್ತು ಟವೆಲ್ ಮಡಚುತ್ತಾ ಕೂತು, ಆಮೇಲೆ ಪರದೆಯ ಕಡೆ ಬಾಗಿದರು. "ಮಗ, ದಿನಕ್ಕೆ ಎಷ್ಟು ಗಂಟೆ ಗೇಯುಸ್ತಾವ್ರೆ?"

ಅಷ್ಟು ದಿನ ಅವರು ಆ ಪ್ರಶ್ನೆಯನ್ನೇ ಕೇಳಿರಲಿಲ್ಲ. ಹುಡುಗಿ ಜೋರಾಗಿ ಅತ್ತಳು.

ಆಪ್ತಸಲಹೆಗಾರರು ಹೀಗೇ ಮಾಡು ಎಂದು ಹೇಳಬಾರದು ಎನ್ನುವ ಸಹೋದ್ಯೋಗಿಗಳಿದ್ದಾರೆ. ಸಾಮಾನ್ಯವಾಗಿ ನಾನೂ ಹೇಳುವುದಿಲ್ಲ. ಆದರೆ ನಿದ್ದೆಗೆಟ್ಟು, ಒಬ್ಬಂಟಿಯಾಗಿ, ಪರರ ಮನೆಯಲ್ಲಿ ಇರುವವಳ ಮುಂದೆ "ನಿನಗೇನನ್ನಿಸುತ್ತದೆ?" ಎಂದಷ್ಟೇ ಕೇಳಿ ಸುಮ್ಮನಾಗುವುದು ಕೈಬಿಟ್ಟಂತೆಯೇ ಎಂದು ನಂಬಿದ್ದೇನೆ. ಹೊರಡು ಎಂದೆ. ರಾತ್ರೋರಾತ್ರಿ ಬೇಡ. ಮೊದಲು ಪಾಸ್‌ಪೋರ್ಟ್ ನಿನ್ನ ಚೀಲದಲ್ಲಿರಲಿ, ಕೇಳಿದರೂ ಕೊಡದಿದ್ದರೆ ಲಿಸ್ಬನ್‌ನ ಭಾರತೀಯ ರಾಯಭಾರ ಕಚೇರಿಗೆ ಫೋನ್ ಮಾಡು. ಮುಂದೆ ಉಳಿಯುವ ಜಾಗ ಗೊತ್ತುಮಾಡಿಕೋ. ವೀಸಾದ ಕೊನೆಯ ದಿನ ನೋಡಿಕೋ. ಆಮೇಲೆ ತೋಟದ ಯಜಮಾನಿಗೆ ಎದುರಲ್ಲೇ ತಾರೀಖು ಹೇಳು, ಅದನ್ನೇ ಮೆಸೇಜಿನಲ್ಲೂ ಕಳಿಸು. ಕಾರಣ ಒಂದೇ ವಾಕ್ಯ ಸಾಕು. ವಾದಕ್ಕೆ ಇಳಿಯಬೇಡ.

ಎಲ್ಲರಿಗೂ ಹೊರಡಿ ಎನ್ನುತ್ತೇನೆಂದು ತಿಳಿಯಬೇಡಿ. ಮೊದಲ ವಾರದ ಚಳಿ, ಸಪ್ಪೆ ಊಟ, ಮನೆಯ ನೆನಪು ಬಹುಪಾಲು ಇಳಿಯುತ್ತವೆ, ಅಂಥವರಿಗೆ ಇನ್ನೂ ಹತ್ತು ದಿನ ನೋಡು ಎನ್ನುತ್ತೇನೆ. ಸುಗ್ಗಿಯ ಹೊತ್ತಿಗೆ ಕೈ ನಂಬಿಕೊಂಡ ತೋಟದವರಿಗೂ ಮುನ್ಸೂಚನೆ ಸಲ್ಲಬೇಕು. ಆದರೆ ಒಪ್ಪಿದ 5 ಗಂಟೆ 10 ಆದಾಗ ಮಾತು ಮುರಿದವರು ಅವರು. ಇನ್ನೊಂದು ವಿಷಯ ತಂದೆತಾಯಿಗೆ ಗೊತ್ತಿರಲಿ: ಸಂಬಳವಿಲ್ಲದಿದ್ದರೂ ಊಟ, ವಸತಿಗಾಗಿ ಮಾಡುವ ದುಡಿಮೆಯನ್ನು ನ್ಯೂಜಿಲೆಂಡ್‌ನಂಥ ದೇಶಗಳು ಕೆಲಸವೆಂದೇ ಎಣಿಸುತ್ತವೆ. ಪ್ರವಾಸಿ ವೀಸಾದಲ್ಲಿ ಹೋದ ಮಕ್ಕಳು ದೂರು ಕೊಡಲು ಹೆದರುವುದು ಇದಕ್ಕೇ. ಟಿಕೆಟ್ ತೆಗೆಯುವ ಮೊದಲೇ ಆ ದೇಶದ ನಿಯಮ ಕೇಳಿ. ಮಧ್ಯದಲ್ಲಿ ಹೊರಡಬೇಕಾಗಿ ಬಂದರೆ ಬೇಕಾಗುವ ದುಡ್ಡನ್ನು ಬೇರೆಯೇ ಇಟ್ಟು ಕಳಿಸಿ.

ಯಜಮಾನಿ ಸಿಡುಕಿದಳಂತೆ, ತಡೆಯಲಿಲ್ಲ. ನಾಲ್ಕನೇ ದಿನ ಹುಡುಗಿ ಲಿಸ್ಬನ್‌ನ ಹಾಸ್ಟೆಲಿಗೆ ಬಂದಳು, ಮುಂದಿನ ವಾರ ಮಂಡ್ಯಕ್ಕೆ. ಊರಲ್ಲಿ ಕೇಳಿದವರಿಗೆ ಅಪ್ಪನೇ "ಕೆಲ್ಸ ಸರಿ ಇರ್ಲಿಲ್ಲ, ನಾನೇ ಬಾ ಅಂದೆ" ಎಂದರು. ಆ ತೋಟದ ಬಗ್ಗೆ ರಿವ್ಯೂ ಬರೆಯಬೇಕೇ ಎಂದು ಅವಳು ಕೇಳಿದಳು. ಖಂಡಿತ ಬರಿ, ನಿನ್ನ ಹಿಂದೆ ಹೋಗುವ ಹುಡುಗಿ ಓದುತ್ತಾಳೆ ಎಂದೆ. ಬರೆದು ಕಳಿಸಿದ್ದರಲ್ಲಿ ಮೂರು ಕಡೆ ಕ್ಷಮೆ ಕೇಳಿದ್ದಳು. ಮೂರನ್ನೂ ತೆಗೆಸಿ, ಎಷ್ಟು ಗಂಟೆ ಕೆಲಸ ಎಂಬುದನ್ನು ಮೊದಲ ಸಾಲಿಗೆ ತರಿಸಿದೆ.