ಬಾಡಿಗೆ ಕೈಗೆಟುಕಿದರೂ ಮುಂಗಡ ಕೈಗೆಟುಕದಿದ್ದರೆ

ಪ್ರಶ್ನೆ: ನಮ್ಮ ಯಜಮಾನರು ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾರೆ, ನಾನು ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ಇಬ್ಬರ ಸಂಬಳ ಸೇರಿ ತಿಂಗಳಿಗೆ 28,000 ರೂಪಾಯಿ, ಇಬ್ಬರು ಮಕ್ಕಳಿದ್ದಾರೆ. ಚಂದಾಪುರದ ಕಡೆ 8,000 ಬಾಡಿಗೆಯ ಮನೆಯೊಂದಕ್ಕೆ 80,000 ಅಡ್ವಾನ್ಸ್ ಕೇಳುತ್ತಿದ್ದಾರೆ. ಇನ್ನೊಬ್ಬರು ಅಪಾರ್ಟ್‌ಮೆಂಟಿನ ಮನೆಯನ್ನು 5 ಲಕ್ಷಕ್ಕೆ ಮೂರು ವರ್ಷ ಭೋಗ್ಯಕ್ಕೆ ಕೊಡುತ್ತೇನೆ ಎನ್ನುತ್ತಾರೆ. ಅದಕ್ಕೆ ಒಡವೆ ಅಡವಿಟ್ಟು, ಊರಿನಲ್ಲಿ ಸಾಲ ಮಾಡಬೇಕು. ಕಡಿಮೆ ವರಮಾನದವರಿಗೆ ಸರ್ಕಾರದ ಬಾಡಿಗೆ ಮನೆಗಳು ಇಲ್ಲವೇ? ನಾವು ಏನು ಮಾಡಬೇಕು?
— ಓದುಗರೊಬ್ಬರು, ಆನೇಕಲ್ ತಾಲ್ಲೂಕು

ಉತ್ತರ: ಮೊದಲು ನಿಮ್ಮ ಕೊನೆಯ ಪ್ರಶ್ನೆ. ನಮ್ಮಲ್ಲಿ ಸರ್ಕಾರದ ವಸತಿ ಯೋಜನೆಗಳು ಬಹುಮಟ್ಟಿಗೆ ಸ್ವಂತ ಮನೆ ಮಾಡಿಕೊಡುವುದಕ್ಕೆ ಇವೆಯೇ ಹೊರತು ಬಾಡಿಗೆಗೆ ಕೊಡುವುದಕ್ಕಲ್ಲ. 2020ರಲ್ಲಿ ಕೇಂದ್ರ ಸರ್ಕಾರ ವಲಸೆ ಕಾರ್ಮಿಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆಯನ್ನು ತಂದಿತು; 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿಯೂ ಬಾಡಿಗೆ ಮನೆಗಳಿಗೆ ಒಂದು ಭಾಗವಿದೆ. ಅದರಲ್ಲಿ ವರ್ಷಕ್ಕೆ 3 ಲಕ್ಷದವರೆಗಿನ ವರಮಾನದ ಕುಟುಂಬವನ್ನು ಆರ್ಥಿಕವಾಗಿ ದುರ್ಬಲವೆಂದೂ 3ರಿಂದ 6 ಲಕ್ಷದವರೆಗಿನದನ್ನು ಕಡಿಮೆ ವರಮಾನದ್ದೆಂದೂ ಎಣಿಸುತ್ತಾರೆ. ನಿಮ್ಮದು 3,36,000 ಆಗುವುದರಿಂದ ಎರಡನೆಯ ಗುಂಪಿಗೆ ಸೇರುತ್ತದೆ. ಅರ್ಜಿಯ ವಿಚಾರವನ್ನು ನಿಮ್ಮ ಪುರಸಭೆಯಲ್ಲಿಯೇ ಕೇಳಿ. ಸರ್ಕಾರಿ ಮನೆ ಬಾಡಿಗೆಗೆ ಕೊಡಿಸುತ್ತೇನೆಂದು ಹಣ ಕೇಳುವವರ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಈ ತಿಂಗಳು ತಲೆಯ ಮೇಲೊಂದು ಸೂರು ಬೇಕೆನ್ನುವವರು ಖಾಸಗಿ ಮನೆಯನ್ನೇ ನೋಡಬೇಕಾಗುತ್ತದೆ.

ಈಗ ಭೋಗ್ಯದ ಮಾತು. ಇದರ ಆಸೆ ನನಗೆ ಅರ್ಥವಾಗುತ್ತದೆ, ಏಕೆಂದರೆ ತಿಂಗಳು ತಿಂಗಳು ಬಾಡಿಗೆ ಕಟ್ಟುವ ಚಿಂತೆ ಇರುವುದಿಲ್ಲ, ಕೊಟ್ಟ ಹಣ ಪೂರ್ತಿ ಹಿಂದಕ್ಕೆ ಬರುತ್ತದೆ ಎಂಬ ನಂಬಿಕೆ ಇರುತ್ತದೆ. ಆದರೆ ನಿಮ್ಮ 5 ಲಕ್ಷ ಸಾಲದ ಹಣ. ನೂರಕ್ಕೆ ಒಂದು ರೂಪಾಯಿ ಬಡ್ಡಿಯೆಂದರೂ ತಿಂಗಳಿಗೆ 5,000 ಆಯಿತು. 8,000 ಬಾಡಿಗೆಗೆ ಹೋಲಿಸಿದರೆ ಉಳಿಯುವುದು 3,000. ಆ ಮೂರು ಸಾವಿರಕ್ಕಾಗಿ 5 ಲಕ್ಷದ ಅಸಲನ್ನು ಅಪರಿಚಿತರ ಕೈಗೆ ಒಪ್ಪಿಸುತ್ತಿದ್ದೀರಿ. ಮಾಲೀಕರು ಆ ಮನೆಯನ್ನು ಮೊದಲೇ ಬ್ಯಾಂಕಿಗೆ ಅಡಮಾನ ಮಾಡಿದ್ದು ಕಂತು ಕಟ್ಟದೆ ಹೋದರೆ, ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಮನೆಯನ್ನು ವಶಪಡಿಸಿಕೊಂಡು ಹರಾಜು ಹಾಕಬಹುದು. ಆಗ ಬಾಗಿಲಿಗೆ ನೋಟಿಸು ಅಂಟುವುದು ಮಾಲೀಕರ ಸಾಲಕ್ಕಾಗಿಯೇ ಆದರೂ ಮಕ್ಕಳನ್ನು ಕರೆದುಕೊಂಡು ಹೊರಬರಬೇಕಾದವರು ನೀವು. ಹಾಗಾಗಿ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿಯೋ ಉಪನೋಂದಣಾಧಿಕಾರಿ ಕಚೇರಿಯಲ್ಲಿಯೋ ಮನೆಯ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ, ಮೂಲ ಕ್ರಯಪತ್ರ ಕಣ್ಣಿಗೆ ಬೀಳುವವರೆಗೂ ಒಪ್ಪಬೇಡಿ. ಒಂದು ವರ್ಷಕ್ಕೆ ಮೀರಿದ ಭೋಗ್ಯದ ಕರಾರನ್ನು ನೋಂದಣಿ ಮಾಡಿಸಲೇಬೇಕು. ಛಾಪಾ ಕಾಗದದ ಮೇಲೆ ನೋಟರಿ ಸಹಿ ಹಾಕಿಸಿದರೆ ಸಾಕು ಎನ್ನುವ ಮಾತು ತಪ್ಪು. ಒಡವೆ ಅಡವಿಟ್ಟು ಭೋಗ್ಯ ಹಾಕಿಕೊಳ್ಳಿ ಎಂದು ನಾನಂತೂ ಹೇಳಲಾರೆ.

ಬಾಡಿಗೆ ಮನೆಗೆ ಹತ್ತು ತಿಂಗಳ ಮುಂಗಡ ಕೇಳುವುದು ಬೆಂಗಳೂರಿನ ಹಳೆಯ ರೂಢಿ, ಕಾನೂನಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕು ಎನ್ನುತ್ತದೆ. ಅದು ರಾಜ್ಯಗಳಿಗೆ ಕೊಟ್ಟ ಮಾದರಿಯಾದ್ದರಿಂದ ಅದನ್ನೇ ಹಿಡಿದು ಹಟ ಮಾಡಲಾಗದು, ಆದರೆ ನಾಲ್ಕೈದು ತಿಂಗಳಿಗೆ ಇಳಿಸಿ ಎಂದು ಕೇಳುವುದಕ್ಕೆ ಸಂಕೋಚ ಪಡಬೇಕಾಗಿಲ್ಲ. ಹೊಸೂರು ರಸ್ತೆಗೆ ಅಂಟಿಕೊಂಡ ಮನೆಗಳಲ್ಲಿ, ಅದರಲ್ಲೂ 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಬಂದ ಬೊಮ್ಮಸಂದ್ರದ ಆಸುಪಾಸಿನಲ್ಲಿ ಮಾಲೀಕರು ಬಗ್ಗುವುದು ಕಷ್ಟ. ಆನೇಕಲ್ ರಸ್ತೆಯಲ್ಲಿ ಮರಸೂರಿನ ಕಡೆಗೆ, ಬಸ್ಸು ಓಡಾಡುವ ಊರುಗಳಲ್ಲಿ ಕೇಳಿ ನೋಡಿ. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ ಕೊಡುವ ಮೊದಲು ಒಂದು ಭಾನುವಾರ ಇಬ್ಬರೂ ಬೀದಿ ಸುತ್ತಿ, ದಿನಸಿ ಅಂಗಡಿಗಳಲ್ಲಿ ವಿಚಾರಿಸಿದರೆ ಫಲಕ ತೂಗುಹಾಕದ ಮನೆಗಳೂ ಗೊತ್ತಾಗುತ್ತವೆ.

ಮನೆ ನೋಡಲು ಹೋದಾಗ ಮೆಟ್ಟಿಲ ಕೆಳಗಿನ ಮೀಟರ್ ಪೆಟ್ಟಿಗೆಯನ್ನು ತೆರೆಸಿ ನೋಡಿ. ನಾಲ್ಕು ಮನೆಗಳಿಗೆ ಬೆಸ್ಕಾಂನ ಮೀಟರ್ ಒಂದೇ ಇದ್ದು, ಉಳಿದವು ಮಾಲೀಕರೇ ಹಾಕಿಸಿದ ಸಬ್‌ಮೀಟರ್‌ಗಳಾಗಿದ್ದರೆ ಗೃಹಜ್ಯೋತಿಯ ಲಾಭ ನಿಮಗೆ ಸಿಗುವುದಿಲ್ಲ. ಯೂನಿಟ್ಟಿಗೆ ಅವರು ಹೇಳಿದ್ದೇ ದರವಾಗುತ್ತದೆ. ಪ್ರತ್ಯೇಕ ಮೀಟರ್ ಇದ್ದರೆ ಬಾಡಿಗೆದಾರರೂ ತಮ್ಮ ಆಧಾರ್ ಜೋಡಿಸಿ ಆ ಯೋಜನೆಗೆ ಸೇರಬಹುದು. ಹಿಂದೆ ಇದ್ದವರ ಆಧಾರ್ ಇನ್ನೂ ಅದೇ ಮೀಟರಿಗೆ ಜೋಡಣೆಯಾಗಿದೆಯೇ ಎಂಬುದನ್ನೂ ಕೇಳಿಕೊಳ್ಳಿ. ಹಾಗೆಯೇ ಸಂಜೆಯ ಹೊತ್ತು ನಲ್ಲಿ ತಿರುಗಿಸಿ ನೋಡಿ: ಬಚ್ಚಲ ಬಕೆಟ್ಟಿನ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ ಅದು ಕೊಳವೆಬಾವಿಯ ಗಡಸು ನೀರು, ಕುಡಿಯಲು ಕ್ಯಾನ್ ತರಿಸಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬಂದರೆ ಅದರ ಹಣ ಯಾರದೆಂದು ಆಗಲೇ ಇತ್ಯರ್ಥವಾಗಲಿ. ಇವೆಲ್ಲ ಸೇರಿ 8,000ದ ಮನೆ ಸುಲಭವಾಗಿ 9,500 ಆಗಿಬಿಡುತ್ತದೆ.

ಕರಾರು ಪತ್ರವನ್ನು ಓದಿಯೇ ಸಹಿ ಹಾಕಿ. ಕರ್ನಾಟಕ ಬಾಡಿಗೆ ಕಾಯ್ದೆ 1999 ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯವಾಗದ ಕಾರಣ, ನಿಮ್ಮ ಪಾಲಿಗೆ ಆ ಪತ್ರವೇ ಮುಖ್ಯ ಆಧಾರ. ಬಿಡುವ ಮೊದಲು ಎಷ್ಟು ತಿಂಗಳ ನೋಟಿಸು, ಹನ್ನೊಂದು ತಿಂಗಳಾದ ಮೇಲೆ ಬಾಡಿಗೆ ಎಷ್ಟು ಏರುತ್ತದೆ, ಸುಣ್ಣಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ, ಬೀಗದ ಕೈ ಒಪ್ಪಿಸಿದ ದಿನವೇ ಮುಂಗಡ ವಾಪಸ್ಸು ಬರುತ್ತದೆಯೇ ಎಂಬುದೆಲ್ಲ ಅದರಲ್ಲಿ ಬರೆದಿರಲಿ. ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡಿ. ನಗದನ್ನೇ ಕೇಳಿ ರಸೀದಿ ಕೊಡಲು ಹಿಂಜರಿಯುವ ಮನೆಯನ್ನು, ಅದು ಎಷ್ಟೇ ಅಗ್ಗವಾಗಿದ್ದರೂ, ಬಿಟ್ಟುಬಿಡಿ.