ಕಲಬುರಗಿ ಭಾಗದಲ್ಲಿ ಎರಡು ಎಕರೆ ಇದೆ. ಮಾಂಸಕ್ಕಾಗಿ ಮೇಕೆ ಸಾಕಲು ಹೇಗೆ ಆರಂಭಿಸಬೇಕು?

ಬೀಟಲ್, ಬೋಯರ್ ಎಂದು ದುಬಾರಿ ತಳಿಗಳ ಹಿಂದೆ ಬೀಳಬೇಡಿ. ನಿಮ್ಮ ಒಣ ಹವೆಗೆ ಒಗ್ಗಿದ ಉಸ್ಮಾನಾಬಾದಿ ತಳಿಯೇ ಸಾಕು. ಅವಳಿ ಮರಿ ಹಾಕುವುದು ಇದರಲ್ಲಿ ಸಾಮಾನ್ಯ. ಹತ್ತು ಹೆಣ್ಣು, ಒಂದು ಹೋತದಿಂದ ಆರಂಭಿಸಿ. ಗಬ್ಬದ ಅವಧಿ ಸುಮಾರು 150 ದಿನ. ತಂದೆಯೇ ಮಗಳ ಜೊತೆ ಕೂಡದಂತೆ, ಹುಟ್ಟಿದ ಹೆಣ್ಣುಮರಿಗಳು ಬೆದೆಗೆ ಬರುವ ಮೊದಲೇ ಹೋತವನ್ನು ಬದಲಿಸಿ.

ಮಳೆಗಾಲದಲ್ಲಿ ಕಾಡುವುದು ಜಂತುಹುಳು. ಮೇಕೆಯ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿ: ಒಳಭಾಗ ಕೆಂಪಗಿದ್ದರೆ ಚಿಂತೆಯಿಲ್ಲ, ಬಿಳಿಚಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಹುಳುಗಳಿರುವ ಸಾಧ್ಯತೆ ಹೆಚ್ಚು. ಅಂಥದ್ದಕ್ಕೆ ಪಶುವೈದ್ಯರನ್ನು ಕೇಳಿ ಔಷಧ ಕುಡಿಸಿ. ಇಡೀ ಹಿಂಡಿಗೆ ಪದೇ ಪದೇ ಕುಡಿಸಿದರೆ ಹುಳುಗಳೇ ಔಷಧಕ್ಕೆ ಬಗ್ಗದಂತಾಗುತ್ತವೆ. ಕರುಳುಬೇನೆ, ಪಿಪಿಆರ್ (ಕುರಿ-ಮೇಕೆಗಳಿಗೆ ಹರಡುವ ವೈರಸ್ ರೋಗ) ಲಸಿಕೆಗಳನ್ನು ತಪ್ಪಿಸಬೇಡಿ.

ಮಾರುವಾಗ ತೂಕ ಹಾಕಿಸಿ; ದಲ್ಲಾಳಿಯ ಕಣ್ಣಂದಾಜು ರೈತನ ಕಡೆಗೆ ವಾಲಿದ್ದನ್ನು ನಾನಂತೂ ಕಂಡಿಲ್ಲ.